ಗೀತಾ ಗೋಪಿನಾಥ್ ನಮ್ಮೂರವರು ಸರಿ, ಅವರ ಬರಹ?

ಪ್ರತಿ ತಿಂಗಳ ಕೊನೆಗೆ ನಾನೊಂದು ಬಿಲ್ಲು ಬರೆಯುತ್ತೇನೆ. ಬರೆಯುವ ನಾನು ಕೂತಿರುವುದು ಚೆನ್ನೈನ ಪಲ್ಲಾವರಂನಲ್ಲಿ, ಬಾಡಿಗೆ ಕಟ್ಟುವುದು ರೂಪಾಯಿಯಲ್ಲಿ. ಬಿಲ್ಲು ತಲುಪುವ ಅನುವಾದದ ಏಜೆನ್ಸಿ ಇರುವುದು ಯುರೋಪಿನಲ್ಲಿ, ಅವರ ಲೆಕ್ಕಪತ್ರ ಯೂರೋದಲ್ಲಿ. ನಾನು ಕನ್ನಡಕ್ಕೆ ತಂದದ್ದು ಕೊರಿಯಾದ ಕಂಪನಿಯೊಂದರ ವಾಷಿಂಗ್ ಮಷೀನಿನ ಕೈಪಿಡಿ. ಈ ವ್ಯವಹಾರದಲ್ಲಿ ಎಲ್ಲಿ ಹುಡುಕಿದರೂ ಒಬ್ಬ ಅಮೆರಿಕನ್ ಸಿಗುವುದಿಲ್ಲ. ಆದರೆ ಬಿಲ್ಲಿನಲ್ಲಿರುವುದು ಡಾಲರು. ಪದಕ್ಕೆ ಇಷ್ಟು ಸೆಂಟು ಅಂತ.

ರೂಪಾಯಿ ಬಿದ್ದ ಸುದ್ದಿ ಬಂದಾಗಲೆಲ್ಲ ಸಕಲೇಶಪುರದ ಕಡೆ ಕಾಫಿ ಬೆಳೆಯುವ ನನ್ನ ಸೋದರಮಾವ ಫೋನ್ ಮಾಡಿ "ನಿನಗೆ ಸುಗ್ಗಿ ಬಿಡು" ಅನ್ನುತ್ತಾರೆ. ಪಿಯುಸಿ ಪುಸ್ತಕದ ಪ್ರಕಾರ ಅವರ ಮಾತು ಸರಿ. ರೂಪಾಯಿ ಅಗ್ಗವಾದರೆ ನಮ್ಮ ಸರಕು ಹೊರಗಿನವರಿಗೆ ಅಗ್ಗವಾಗುತ್ತದೆ, ಅವರು ಹೆಚ್ಚು ಕೊಳ್ಳುತ್ತಾರೆ, ರಫ್ತು ಏರುತ್ತದೆ. ನನ್ನ ಅನುಭವ ಬೇರೆ. 2018ರ ಕೊನೆಗೆ ಡಾಲರಿಗೆ 70 ರೂಪಾಯಿಯ ಆಸುಪಾಸಿತ್ತು, 2025ರಲ್ಲಿ 85 ದಾಟಿತು. ನನ್ನ ಸೆಂಟು ಮಾತ್ರ ಅಷ್ಟೇ. ಕೈಗೆ ಬರುವ ರೂಪಾಯಿ ಹೆಚ್ಚಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಏಜೆನ್ಸಿಯ ಕಣ್ಣಿಗೆ ನಾನು ಒಂದು ಚೂರೂ ಅಗ್ಗವಾಗಿರಲಿಲ್ಲವಾದ್ದರಿಂದ ಒಂದು ಪುಟದ ಕೆಲಸವೂ ಜಾಸ್ತಿ ಬರಲಿಲ್ಲ. ಅನುವಾದದ ಸಾಫ್ಟ್‌ವೇರಿಗೆ ವರ್ಷವರ್ಷ ಕಟ್ಟುವ ಚಂದಾ ಕೂಡ ಡಾಲರಿನಲ್ಲೇ. ಅದು ರೂಪಾಯಿ ಬಿದ್ದ ದಿನವೇ ದುಬಾರಿಯಾಯಿತು. 2022ರ ಜುಲೈಯಲ್ಲಿ ಇನ್ನೊಂದು ತಮಾಷೆ ನಡೆಯಿತು. ಯೂರೋ ಇಳಿದು ಇಳಿದು ಡಾಲರಿನ ಸಮಕ್ಕೆ ಬಂತು. ಯೂರೋದಲ್ಲಿ ಲೆಕ್ಕ ಹಾಕುವ ಏಜೆನ್ಸಿಗೆ ನನ್ನ ಅದೇ ಸೆಂಟು ದುಬಾರಿಯಾಗಿ ಕಂಡಿತು, ದರ ಇಳಿಸಿಕೊಳ್ಳಿ ಎಂಬ ಮೇಲ್ ಬಂತು. ಅದೇ ತಿಂಗಳು ರೂಪಾಯಿಯೂ ಡಾಲರಿನೆದುರು ಬಿದ್ದು 80ರ ಹತ್ತಿರವಿತ್ತು. ಪುಸ್ತಕದ ಪ್ರಕಾರ ನನಗೆ ಸುಗ್ಗಿಯಾಗಬೇಕಿದ್ದ ತಿಂಗಳದು.

ಇದು ನನ್ನ ಹಣೆಬರಹ ಅಂದುಕೊಂಡಿದ್ದೆ. ಅಲ್ಲವಂತೆ. ಇದಕ್ಕೊಂದು ಹೆಸರಿದೆ, ಜಗತ್ತಿನ ವ್ಯಾಪಾರದ ಬಹುಭಾಗ ನಡೆಯುವುದೇ ಹೀಗೆ, ಮತ್ತು ಇದನ್ನು ಅಂಕಿಅಂಶ ಸಮೇತ ತೋರಿಸಿಕೊಟ್ಟವರಲ್ಲಿ ಮುಂಚೂಣಿಯಲ್ಲಿರುವವರು ಮೈಸೂರಿನ ನಿರ್ಮಲಾ ಕಾನ್ವೆಂಟಿನಲ್ಲಿ, ಮಹಾಜನ ಕಾಲೇಜಿನಲ್ಲಿ ಓದಿದ ಗೀತಾ ಗೋಪಿನಾಥ್.

ಈ ಕೊನೆಯ ವಾಕ್ಯದ ಕೊನೆಯ ಅರ್ಧ ನಿಮಗೆ ಗೊತ್ತಿತ್ತು. ಮೊದಲ ಅರ್ಧ ಗೊತ್ತಿತ್ತೇ? ನನ್ನ ಜಗಳ ಇರುವುದು ಇಲ್ಲೇ.

2018ರ ಅಕ್ಟೋಬರಿನಲ್ಲಿ ಗೀತಾ ಅಂತಾರಾಷ್ಟ್ರೀಯ ಹಣಕಾಸು ನಿಧಿಯ, ಅಂದರೆ ಐಎಂಎಫ್‌ನ, ಮುಖ್ಯ ಅರ್ಥಶಾಸ್ತ್ರಜ್ಞೆ ಎಂದು ಘೋಷಣೆಯಾದಾಗ ಕನ್ನಡದ ಪತ್ರಿಕೆ, ಚಾನೆಲ್ಲುಗಳು ಮಾಡಿದ ಸಂಭ್ರಮ ನೆನಪಿಸಿಕೊಳ್ಳಿ. ಮೈಸೂರಿನ ಹುಡುಗಿ, ಕನ್ನಡನಾಡಿನ ಹೆಮ್ಮೆ, ಓದಿದ ಶಾಲೆ, ಆ ಶಾಲೆಯ ಗೇಟು. ಹುಟ್ಟಿದ್ದು ಕೋಲ್ಕತ್ತದಲ್ಲಿ, ಮನೆತನ ಕೇರಳದ್ದು, ಬೆಳೆದದ್ದು ಮೈಸೂರಿನಲ್ಲಿ ಆದ್ದರಿಂದ ಮೂರು ರಾಜ್ಯಗಳೂ ಪಾಲು ಕೇಳಿದವು. 2021ರ ಜನವರಿಯಲ್ಲಿ ಅಮಿತಾಭ್ ಬಚ್ಚನ್ ತಮ್ಮ ಕ್ವಿಜ್ ಕಾರ್ಯಕ್ರಮದಲ್ಲಿ ಅವರ ಫೋಟೋ ತೋರಿಸಿ, ಇಷ್ಟು ಚೆಂದದ ಮುಖಕ್ಕೂ ಆರ್ಥಿಕತೆಗೂ ನಂಟಿದೆ ಅಂತ ಯಾರಿಗೂ ಹೊಳೆಯುವುದಿಲ್ಲ ಎಂಬರ್ಥದ ಮಾತಾಡಿದರು. ಆಗ ನಮ್ಮಲ್ಲಿ ಹಲವರು ಸಿಟ್ಟಾದರು. ನನಗೆ ಆ ಸಿಟ್ಟು ಸ್ವಲ್ಪ ನಗು ತರಿಸಿತು. ಬಚ್ಚನ್ ಮುಖ ನೋಡಿದರು, ನಾವು ವಿಳಾಸ ನೋಡಿದೆವು. ಅವರು ಏನು ಬರೆದಿದ್ದಾರೆಂದು ಇಬ್ಬರೂ ಕೇಳಲಿಲ್ಲ.

ವಿದ್ಯೆಯ ಹಾದಿಯನ್ನು ಬೇಗ ಹೇಳಿ ಮುಗಿಸುತ್ತೇನೆ, ಅದಷ್ಟೇ ಎಲ್ಲರೂ ಬರೆದಿರುವುದು. ದೆಹಲಿಯ ಲೇಡಿ ಶ್ರೀರಾಮ್ ಕಾಲೇಜು, ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್, ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯ, 2001ರಲ್ಲಿ ಪ್ರಿನ್ಸ್‌ಟನ್ನಿನಿಂದ ಪಿಎಚ್.ಡಿ. ಮಾರ್ಗದರ್ಶಕರಲ್ಲಿ ಕೆನೆತ್ ರೋಗಾಫ್, ಬೆನ್ ಬರ್ನಾಂಕೆ ಇದ್ದರು. ಬಳಿಕ ಷಿಕಾಗೊ, 2005ರಿಂದ ಹಾರ್ವರ್ಡ್. 2019ರಿಂದ ಐಎಂಎಫ್‌ನ ಮುಖ್ಯ ಅರ್ಥಶಾಸ್ತ್ರಜ್ಞೆ, 2022ರಿಂದ ಅಲ್ಲಿನ ಎರಡನೇ ಸ್ಥಾನ, 2025ರಲ್ಲಿ ಮತ್ತೆ ಹಾರ್ವರ್ಡ್. ಕಾಲೇಜಿನಲ್ಲಿದ್ದಾಗ ಕಂಡ 1991ರ ಬಿಕ್ಕಟ್ಟು ತನ್ನನ್ನು ಈ ವಿಷಯಕ್ಕೆ ಎಳೆಯಿತು ಎಂದು ಅವರೇ ಹೇಳಿಕೊಂಡಿದ್ದಾರೆ. ದೇಶ ಚಿನ್ನ ಅಡ ಇಟ್ಟು, ಜುಲೈ 1ರಂದು ಒಮ್ಮೆ, 3ರಂದು ಇನ್ನೊಮ್ಮೆ ರೂಪಾಯಿಯ ಮೌಲ್ಯ ಇಳಿಸಿದ ವರ್ಷ ಅದು. ಆಗ ರಿಸರ್ವ್ ಬ್ಯಾಂಕಿನ ಡೆಪ್ಯುಟಿ ಗವರ್ನರ್ ಆಗಿದ್ದ ಸಿ. ರಂಗರಾಜನ್ ಮುಂದೆ ಇಲ್ಲೇ ಚೆನ್ನೈನ ಕೊಟ್ಟೂರುಪುರಂನಲ್ಲಿರುವ ಮದ್ರಾಸ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಅಧ್ಯಕ್ಷರಾದರು. ಅದೇ ಬಡಾವಣೆಯ ಅಣ್ಣಾ ಶತಮಾನೋತ್ಸವ ಗ್ರಂಥಾಲಯದಲ್ಲಿ ಕೂತು ನಾನು ಗೀತಾ ಅವರ ಪ್ರಬಂಧಗಳನ್ನು ಓದಿದೆ. ಗ್ರೀಕ್ ಅಕ್ಷರಗಳ ಸಮೀಕರಣಗಳನ್ನು ಹಾರಿಸಿ, ಮುನ್ನುಡಿ, ಕೋಷ್ಟಕ, ಕೊನೆ ಇಷ್ಟನ್ನು. ನಾನು ಭಾಷಾವಿಜ್ಞಾನದ ಎಂ.ಎ., ಅರ್ಥಶಾಸ್ತ್ರದ್ದಲ್ಲ. ಅಷ್ಟು ಓದಿದ್ದಕ್ಕೇ ಇಷ್ಟು ಸಿಟ್ಟು ಬಂದಿದೆ.

ನನ್ನ ಬಿಲ್ಲಿನ ವಿಷಯಕ್ಕೆ ಬರೋಣ. ದೇಶದೇಶಗಳ ನಡುವಿನ ವ್ಯಾಪಾರದ ಹಳೆಯ ಪಾಠ ನಿಂತಿದ್ದುದು ಒಂದು ನಂಬಿಕೆಯ ಮೇಲೆ. ಮಾರುವವನು ತನ್ನ ದೇಶದ ಹಣದಲ್ಲಿ ಬೆಲೆ ಹೇಳುತ್ತಾನೆ ಎಂಬ ನಂಬಿಕೆ. ಗೀತಾ 2015ರಲ್ಲಿ ಜಾಕ್ಸನ್ ಹೋಲ್‌ನಲ್ಲಿ, ಜಗತ್ತಿನ ಕೇಂದ್ರ ಬ್ಯಾಂಕುಗಳ ಮುಖ್ಯಸ್ಥರು ಸೇರುವ ಸಭೆಯಲ್ಲಿ, ಮಂಡಿಸಿದ ಪ್ರಬಂಧದಲ್ಲಿ ಬಿಲ್ಲುಗಳು ಯಾವ ಹಣದಲ್ಲಿರುತ್ತವೆಂದು ದೇಶವಾರು ಲೆಕ್ಕ ಕೊಟ್ಟರು. ಭಾರತದ ಸಾಲನ್ನು ನೋಡಿ: ನಾವು ಆಮದು ಮಾಡುವುದರಲ್ಲಿ ಅಮೆರಿಕದಿಂದ ಬರುವುದು ಶೇ 5ರಷ್ಟು, ಆದರೆ ಡಾಲರಿನಲ್ಲಿ ಬಿಲ್ಲಾಗುವುದು ಶೇ 86ರಷ್ಟು. ಐವರು ಸಹಲೇಖಕರ ಜೊತೆ 2020ರಲ್ಲಿ ಅಮೆರಿಕನ್ ಎಕನಾಮಿಕ್ ರಿವ್ಯೂ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧ ಇದನ್ನು ಇನ್ನೂ ಮುಂದೆ ಒಯ್ದಿತು. ಡಾಲರು ಉಳಿದೆಲ್ಲ ಹಣಗಳೆದುರು ಶೇ 1ರಷ್ಟು ಏರಿದರೆ, ಅಮೆರಿಕವನ್ನು ಬಿಟ್ಟು ಉಳಿದ ದೇಶಗಳು ತಮ್ಮತಮ್ಮೊಳಗೆ ಮಾಡುವ ವ್ಯಾಪಾರ ಒಂದು ವರ್ಷದೊಳಗೆ ಶೇ 0.6ರಷ್ಟು ಕುಗ್ಗುತ್ತದೆ ಎನ್ನುತ್ತದೆ ಅದು. ನನಗೆ ಬಂದ ಆ ಮೇಲ್ ಈ 0.6ರೊಳಗೆ ಎಲ್ಲೋ ಒಂದು ಧೂಳಿನ ಕಣ.

ಸೋದರಮಾವನ ಕಾಫಿಯೂ ಹಾಗೇ. ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವುದು ಇಟಲಿ. ರೊಬಸ್ಟಾದ ದರ ಕುದುರುವುದು ಲಂಡನ್ನಿನಲ್ಲಿ. ಹಾಸನದ ಬೆಳೆಗಾರ, ಲಂಡನ್ನಿನ ಮಾರುಕಟ್ಟೆ, ಇಟಲಿಯ ಹುರಿಯುವವನು, ಮೂವರ ನಡುವಿನ ಮಾತು ಡಾಲರಿನಲ್ಲಿ. ಪ್ರತಿದಿನ ಬೆಳಿಗ್ಗೆ ವಾಟ್ಸಾಪಿನಲ್ಲಿ ಲಂಡನ್ ದರ ನೋಡಿ ಹಲ್ಲುಜ್ಜುವ ಮನುಷ್ಯ ಅವರು. ಈ ಪ್ರಬಂಧ ಯಾರಿಗಾದರೂ ಬೇಕಿದ್ದರೆ ಅವರಿಗೆ ಬೇಕು. ಕಳಿಸೋಣ ಅಂದುಕೊಂಡು ಕನ್ನಡದಲ್ಲಿ ಹುಡುಕಿದೆ. ಗೀತಾ ಬಗ್ಗೆ ಹತ್ತಾರು ಬರಹ ಸಿಕ್ಕವು. ಪ್ರಬಲ ಕರೆನ್ಸಿಯ ಬಗ್ಗೆ ನನ್ನ ಕೈಗೆ ಒಂದೂ ಸಿಗಲಿಲ್ಲ.

ಒಂದು ಪ್ರಬಂಧದ ಕತೆಯಾಗಿದ್ದರೆ ಸುಮ್ಮನಿರುತ್ತಿದ್ದೆ. ಅವರ ಹೆಸರು ಮೊದಲು ಎದ್ದು ಕಂಡದ್ದು 2007ರಲ್ಲಿ, ಮಾರ್ಕ್ ಅಗ್ವಿಯಾರ್ ಜೊತೆ ಬರೆದ ಪ್ರಬಂಧದಿಂದ. ಕೆನಡಾ, ಮೆಕ್ಸಿಕೊ ಎರಡನ್ನೂ ಎದುರುಬದುರು ಇಟ್ಟು ಕೇಳಿದ ಪ್ರಶ್ನೆ ಸರಳವಾಗಿದೆ. ಸಿರಿವಂತ ದೇಶದಲ್ಲಿ ಆದಾಯ ಏರುಪೇರಾದರೂ ಜನರ ಖರ್ಚು ಅಷ್ಟಾಗಿ ಅಲ್ಲಾಡುವುದಿಲ್ಲ, ಮೆಕ್ಸಿಕೊದಂಥ ದೇಶದಲ್ಲಿ ಖರ್ಚು ಆದಾಯಕ್ಕಿಂತ ಜೋರಾಗಿ ಕುಣಿಯುತ್ತದೆ, ಏಕೆ? ಉತ್ತರ: ಅಲ್ಲಿ ಅಲ್ಲಾಡುವುದು ಗಾಡಿಯಲ್ಲ, ದಾರಿ. ಕೆನಡಾದ ಆರ್ಥಿಕತೆ ನೇರ ದಾರಿಯ ಮೇಲೆ ಕುಲುಕುತ್ತ ಹೋಗುತ್ತದೆ, ಕುಲುಕಾಟ ಮುಗಿದರೆ ಮತ್ತೆ ಅದೇ ದಾರಿ. ಮೆಕ್ಸಿಕೊದಂಥ ಕಡೆ ಒಂದು ಪೆಟ್ಟು ಬಿದ್ದರೆ, ಒಂದು ನೀತಿ ಬದಲಾದರೆ ದಾರಿಯೇ ಬೇರೆ ದಿಕ್ಕಿಗೆ ತಿರುಗುತ್ತದೆ. ಆದಾಯ ಏರಿದಾಗ ಜನ ಇದು ಇನ್ನೂ ಏರುತ್ತದೆಂದು ನಾಳೆಯ ದುಡ್ಡನ್ನು ಇವತ್ತೇ ಸಾಲ ತಂದು ಖರ್ಚು ಮಾಡುತ್ತಾರೆ. ತಿರುಗಿತೋ, ಹೊರಗಿನ ಸಾಲ ರಾತ್ರೋರಾತ್ರಿ ನಿಲ್ಲುತ್ತದೆ.

ಮಲೆನಾಡಿನವರಿಗೆ ಇದನ್ನು ಇಷ್ಟು ಉದ್ದ ಹೇಳಬೇಕಿಲ್ಲ. 2003ರ ಹೊತ್ತಿಗೆ ವೆನಿಲಾ ಹಸಿ ಕೋಡು ಕಿಲೋಗೆ ಸಾವಿರಗಟ್ಟಲೆ ಮುಟ್ಟಿದಾಗ ಅಡಿಕೆ ತೋಟದ ತುಂಬ ಬಳ್ಳಿ ಹಬ್ಬಿಸಿದವರು, ರಾತ್ರಿ ದೊಣ್ಣೆ ಹಿಡಿದು ಕಾವಲು ಕೂತವರು, ಸಾಲ ತೆಗೆದು ಮನೆ ಕಟ್ಟಿದವರು, ಎರಡೇ ವರ್ಷದಲ್ಲಿ ಬಳ್ಳಿ ಕಿತ್ತು ಎಸೆದವರು ನಮ್ಮಲ್ಲೇ ಇದ್ದಾರೆ. ಅವರನ್ನು ದುರಾಸೆಯವರು ಎಂದು ಆಗ ಎಲ್ಲರೂ ಬೈದರು. ಗೀತಾ ಪ್ರಬಂಧ ಓದಿದ ಮೇಲೆ ನನಗೆ ಬೈಯಲು ಮನಸ್ಸು ಬರುವುದಿಲ್ಲ. ದಾರಿಯೇ ಮತ್ತೆ ಮತ್ತೆ ತಿರುಗುವ ನಾಡಿನಲ್ಲಿ ಬದುಕಿದವರಿಗೆ, ಈ ಬಾರಿಯ ಏರಿಕೆ ಬರೀ ಕುಲುಕಾಟವೋ ಹೊಸ ದಾರಿಯೋ ಎಂದು ತಿಳಿಯುವುದು ಹೇಗೆ? ಹೊಸ ದಾರಿ ಎಂದು ನಂಬುವುದು ದಡ್ಡತನವೇ ಆಗಬೇಕಿಲ್ಲ. ವೆನಿಲಾದಲ್ಲಿ ನಂಬಿಕೆ ಸುಳ್ಳಾಯಿತು, ಅಷ್ಟೇ. ಇಂಥ ಒಂದು ಮಾತು ಕನ್ನಡದಲ್ಲಿದ್ದರೆ ಆ ರೈತರ ಬಗ್ಗೆ ನಾವು ಬರೆದ ಸಂಪಾದಕೀಯಗಳ ದನಿಯೇ ಬೇರೆಯಾಗುತ್ತಿತ್ತು.

ಆದರೆ ನನ್ನನ್ನು ನಿಜವಾಗಿ ಕೂರಿಸಿಕೊಂಡು ಓದಿಸಿದ್ದು ನೋಟು ರದ್ದತಿಯ ಪ್ರಬಂಧ. 2016ರ ನವೆಂಬರ್ 8ರ ರಾತ್ರಿ ಚಲಾವಣೆಯಲ್ಲಿದ್ದ ಹಣದ ಮೌಲ್ಯದಲ್ಲಿ ಶೇ 86ರಷ್ಟು ಕಾಗದವಾಯಿತು. (ಮತ್ತೆ 86. ಕಾಕತಾಳೀಯ, ಆದರೆ ನನಗೆ ಆ ಸಂಖ್ಯೆ ಕಂಡರೆ ಈಗ ಮೈ ಜುಮ್ಮೆನ್ನುತ್ತದೆ.) ಚೆನ್ನೈನಲ್ಲಿ ಆ ಚಳಿಗಾಲ ಕಳೆದವರು ಮರೆಯುವುದಿಲ್ಲ. ಎಟಿಎಂ ಸಾಲುಗಳು ಕರಗುವ ಮೊದಲೇ ಡಿಸೆಂಬರ್ 5ರಂದು ಜಯಲಲಿತಾ ತೀರಿಕೊಂಡರು, ಊರು ಮುಚ್ಚಿತು. ಡಿಸೆಂಬರ್ 12ರಂದು ವರ್ದಾ ಚಂಡಮಾರುತ ಬಂತು. ಮರಗಳು ರಸ್ತೆಗೆ ಬಿದ್ದವು, ಕರೆಂಟು ಹೋಯಿತು, ನೆಟ್‌ವರ್ಕ್ ಹೋಯಿತು. ನಗದು ಬಿಟ್ಟು ಕಾರ್ಡು ಹಿಡಿಯಿರಿ ಎಂದು ಒಂದು ತಿಂಗಳಿಂದ ಕೇಳಿಸಿಕೊಂಡಿದ್ದ ಊರಿನಲ್ಲಿ ಕಾರ್ಡು ಉಜ್ಜುವ ಯಂತ್ರಕ್ಕೆ ಜೀವವಿರಲಿಲ್ಲ, ಎಟಿಎಂನಲ್ಲಿ ನೋಟಿರಲಿಲ್ಲ. ನಮ್ಮ ಬೀದಿಯ ತರಕಾರಿ ಅಮ್ಮ ಕೋಯಂಬೇಡಿಗೆ ಹೋಗಲು ಕೈಯಲ್ಲಿ ಕಾಸಿಲ್ಲದೆ ಮೂರು ದಿನ ಗಾಡಿ ಹಚ್ಚಲಿಲ್ಲ. ಹಾಲಿಗೆ ಅಂಗಡಿಯವರು ಸಾಲದ ಪುಸ್ತಕ ತೆರೆದರು. ನನ್ನ ತಮಿಳು ಆಗ ಇನ್ನೂ ಹರುಕುಮುರುಕು, ಆ ಪುಸ್ತಕದಲ್ಲಿ ನನ್ನ ಹೆಸರನ್ನು "ಕನ್ನಡ" ಎಂದಷ್ಟೇ ಬರೆದುಕೊಂಡಿದ್ದರು.

ಆಮೇಲಿನ ಚರ್ಚೆ ಹೇಗಿತ್ತು? ಒಂದು ಕಡೆಯವರು ಕಪ್ಪುಹಣ ಅಂದರು, ಇನ್ನೊಂದು ಕಡೆಯವರು ತುಘಲಕ್ ಅಂದರು. 2017ರ ಮಾರ್ಚಿನ ಚುನಾವಣಾ ಭಾಷಣದಲ್ಲಿ ಪ್ರಧಾನಿಯವರು ಹಾರ್ವರ್ಡ್‌ಗಿಂತ ಹಾರ್ಡ್‌ವರ್ಕ್ ದೊಡ್ಡದೆಂದರು, ಚಪ್ಪಾಳೆ ಬಿತ್ತು. ಕನ್ನಡದ ಟಿವಿ ಚರ್ಚೆಗಳಲ್ಲಿ ಎರಡೂ ಕಡೆಯವರು ಗಂಟಲು ಹರಿದುಕೊಂಡರು. ಗಂಟಲಿಗೆ ಬದಲಾಗಿ ಅಳತೆ ಬೇಕಿತ್ತು. ಗೀತಾ, ಗ್ಯಾಬ್ರಿಯೆಲ್ ಚೊಡೊರೊ-ರೈಕ್, ಪ್ರಾಚಿ ಮಿಶ್ರಾ, ಅಭಿನವ್ ನಾರಾಯಣನ್ ಮಾಡಿದ್ದು ಅದನ್ನೇ. ಹೊಸ ನೋಟು ಎಲ್ಲ ಜಿಲ್ಲೆಗಳಿಗೂ ಒಂದೇ ಸಮ ತಲುಪಲಿಲ್ಲ. ಎಲ್ಲಿಗೆ ಎಷ್ಟು ತಲುಪಿತು ಎಂಬ ಲೆಕ್ಕ ರಿಸರ್ವ್ ಬ್ಯಾಂಕಿನಲ್ಲಿತ್ತು. ಹೆಚ್ಚು ಬರಗೆಟ್ಟ ಜಿಲ್ಲೆಗಳನ್ನೂ ಕಡಿಮೆ ಬರಗೆಟ್ಟ ಜಿಲ್ಲೆಗಳನ್ನೂ ಪಕ್ಕಪಕ್ಕ ಇಟ್ಟರು. ಉಪಗ್ರಹದಿಂದ ತೆಗೆದ ಚಿತ್ರಗಳಲ್ಲಿ ರಾತ್ರಿಯ ದೀಪಗಳು ಎಲ್ಲಿ ಎಷ್ಟು ಮಂಕಾದವು, ಮನೆಮನೆ ಸಮೀಕ್ಷೆಯಲ್ಲಿ ಕೆಲಸ ಎಲ್ಲಿ ಎಷ್ಟು ಕಡಿಮೆಯಾಯಿತು, ಬ್ಯಾಂಕಿನ ಸಾಲ ಎಲ್ಲಿ ಸೊರಗಿತು ಎಂದು ನೋಡಿದರು. ಆ ತ್ರೈಮಾಸಿಕದಲ್ಲಿ ಆರ್ಥಿಕ ಚಟುವಟಿಕೆಯ ಬೆಳವಣಿಗೆ ದರ ಕಡಿಮೆಯೆಂದರೂ 2 ಶೇಕಡಾ ಅಂಶ ಕುಸಿಯಿತು ಎಂಬ ತೀರ್ಮಾನಕ್ಕೆ ಬಂದರು. ಬರಗೆಟ್ಟ ಜಿಲ್ಲೆಗಳಲ್ಲಿ ಡಿಜಿಟಲ್ ಪಾವತಿ ಬೇಗ ಹಬ್ಬಿತು ಎಂಬುದನ್ನೂ ಮುಚ್ಚಿಡದೆ ಹೇಳಿದರು. ಮೊದಲ ಕರಡು ಹೊರಬಂದದ್ದು 2018ರ ಡಿಸೆಂಬರಿನಲ್ಲಿ, ಅಂದರೆ ಮೈಸೂರಿನ ಹುಡುಗಿಯ ಮೆರವಣಿಗೆ ಇನ್ನೂ ಮುಗಿಯದಿದ್ದಾಗ.

ಆ ಮೆರವಣಿಗೆ ಮಾಡಿದವರಲ್ಲಿ ಎಷ್ಟು ಜನ ಆ ಪ್ರಬಂಧ ಏನು ಹೇಳುತ್ತದೆಂದು ತಿಳಿದು ಹಾರ ಹಾಕಿದರು? ಇದು ವ್ಯಂಗ್ಯದ ಪ್ರಶ್ನೆ, ಒಪ್ಪುತ್ತೇನೆ. ಆದರೆ ಹಾರದ ಅನುಕೂಲ ಇರುವುದೇ ಇದರಲ್ಲಿ. ವಿಳಾಸವನ್ನು ಹೊಗಳುವುದರಿಂದ ಯಾರ ಜೊತೆಗೂ ಜಗಳವಾಗುವುದಿಲ್ಲ, ಬರಹವನ್ನು ಓದಿದರೆ ಆಗುತ್ತದೆ. ನೋಟು ರದ್ದತಿಯನ್ನು ಮೆಚ್ಚಿದವರಿಗೆ ಅವರ ಅಂಕಿ ಬೇಡ. ಮೆಚ್ಚದ ನನ್ನ ಎಡಪಂಥೀಯ ಗೆಳೆಯರಿಗೆ ಅವರ ಉದ್ಯೋಗ ಬೇಡ: ಐಎಂಎಫ್ ಏಜೆಂಟ್, ಮುಗಿಯಿತು. 2016ರಲ್ಲಿ ಪಿಣರಾಯಿ ವಿಜಯನ್ ಅವರನ್ನು ತಮ್ಮ ಆರ್ಥಿಕ ಸಲಹೆಗಾರರನ್ನಾಗಿ ಮಾಡಿಕೊಂಡಾಗ ಕೇರಳದ ಎಡಪಾಳಯದೊಳಗೇ ಗಲಾಟೆಯಾಯಿತು. ಆದರೆ ಅಲ್ಲಿ ಗಲಾಟೆ ನಡೆದದ್ದು ಅವರ ಆರ್ಥಿಕ ನಿಲುವಿನ ಮೇಲೆ, ಮಲಯಾಳಂನಲ್ಲಿ. ಜಗಳ ಕೂಡ ಒಂದು ಮರ್ಯಾದೆ.

ಐಎಂಎಫ್ ಏಜೆಂಟ್ ಅನ್ನುವವರಿಗೆ ಒಂದು ಮಾತು. ಜಗಳ ಮಾಡಬೇಕಿದ್ದರೆ ಅದಕ್ಕೆ ಬೇಕಾದ ಹತಾರವೂ ಅವರ ಪ್ರಬಂಧದಲ್ಲೇ ಇದೆ. 2022ರ ಮಾರ್ಚಿನಲ್ಲಿ ಶ್ರೀಲಂಕಾ ತನ್ನ ರೂಪಾಯಿಯನ್ನು ಕೈಬಿಟ್ಟಿತು. ಡಾಲರಿಗೆ 200ರಷ್ಟಿದ್ದದ್ದು ಕೆಲವೇ ತಿಂಗಳಲ್ಲಿ 350 ದಾಟಿತು. ಹಾಲಿನಪುಡಿ, ಅಡುಗೆ ಅನಿಲ, ಔಷಧಿಗೆ ಪರದಾಡಿ ದೋಣಿ ಹತ್ತಿದ ತಮಿಳು ಕುಟುಂಬಗಳು ರಾಮೇಶ್ವರದ ಕಡಲಂಚಿಗೆ ಬಂದಿಳಿದ ಸುದ್ದಿ ಚೆನ್ನೈನ ಪತ್ರಿಕೆಗಳಲ್ಲಿ ವಾರಗಟ್ಟಲೆ ಬಂತು. ಮರುವರ್ಷ ಐಎಂಎಫ್ ಸುಮಾರು 300 ಕೋಟಿ ಡಾಲರಿನ ಸಾಲ ಮಂಜೂರು ಮಾಡಿತು, ವಿನಿಮಯ ದರವನ್ನು ಮಾರುಕಟ್ಟೆಗೆ ಬಿಡಬೇಕೆಂಬುದು ಆ ಒಪ್ಪಂದದ ಭಾಗ. ಆಗ ಗೀತಾ ಆ ಸಂಸ್ಥೆಯ ಎರಡನೇ ಸ್ಥಾನದಲ್ಲಿದ್ದರು. ಈಗ ಅವರ ಪ್ರಬಂಧ ತೆರೆಯಿರಿ. ಬಿಲ್ಲುಗಳು ಡಾಲರಿನಲ್ಲಿರುವ ದೇಶದ ಹಣ ಬಿದ್ದರೆ ರಫ್ತು ಕೂಡಲೇ ಏರುವುದಿಲ್ಲ, ಲೆಕ್ಕ ಸರಿಹೋಗುವುದು ಬಹುಪಾಲು ಆಮದು ಕುಗ್ಗುವುದರಿಂದ ಎನ್ನುತ್ತದೆ ಅದು. ಆಮದು ಕುಗ್ಗುವುದು ಅಂದರೇನು? ಹಾಲಿನಪುಡಿ ಕೊಳ್ಳದಿರುವುದು. ನಿಮ್ಮದೇ ಸಂಶೋಧನೆ ಹೀಗಿರುವಾಗ ನಿಮ್ಮ ಸಂಸ್ಥೆಯ ಮದ್ದು ಅದೇ ಹಳೆಯದೇ ಯಾಕೆ, ಅಥವಾ ಬೇರೆ ಮದ್ದೇ ಇರಲಿಲ್ಲವೇ? ಅವರ ಬಳಿ ಉತ್ತರ ಇಲ್ಲದಿಲ್ಲ. ಹೊರಗಿನ ಹಣದ ಹರಿವಿಗೆ ಕಡಿವಾಣ, ವಿನಿಮಯ ಮಾರುಕಟ್ಟೆಯಲ್ಲಿ ಕೇಂದ್ರ ಬ್ಯಾಂಕಿನ ಮಧ್ಯಪ್ರವೇಶ ಇವೂ ಕೆಲವೊಮ್ಮೆ ಸರಿ ಎಂದು ಒಪ್ಪುವ ಹೊಸ ನೀತಿ ಚೌಕಟ್ಟನ್ನು ಐಎಂಎಫ್ ಒಳಗೆ ಮುಂದೆ ತಂದವರಲ್ಲಿ ಅವರೂ ಒಬ್ಬರು. ಆದರೆ ಶ್ರೀಲಂಕಾದ ಖಜಾನೆಯಲ್ಲಿ ಮಧ್ಯಪ್ರವೇಶಿಸಲು ಡಾಲರೇ ಉಳಿದಿರಲಿಲ್ಲ. ನನಗೆ ಆ ಮದ್ದು ಕಡಿಮೆ ನೋವಿನದ್ದಾಗಬಹುದಿತ್ತು ಅನ್ನಿಸುತ್ತದೆ, ನಿಮಗೆ ಬೇರೆ ಅನ್ನಿಸಬಹುದು. ಈ ಜಗಳವನ್ನು ಕನ್ನಡದಲ್ಲಿ ಮಾಡಲು ನಮ್ಮ ಬಳಿ ಮೊದಲು ಪಠ್ಯ ಬೇಕಲ್ಲ.

ಕನ್ನಡದಲ್ಲಿ ಇದಕ್ಕೆಲ್ಲ ಪದಗಳೆಲ್ಲಿವೆ ಎನ್ನುವವರಿಗೆ ನನ್ನ ತಾಳ್ಮೆ ಕಡಿಮೆ, ಇದು ನನ್ನ ಹೊಟ್ಟೆಪಾಡು. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ಗೆಳೆಯರು 1918ರಲ್ಲಿ "ವಿಜ್ಞಾನ" ಪತ್ರಿಕೆ ಶುರುಮಾಡಿದಾಗ ಪದಗಳಿದ್ದವೇ? ಮೈಸೂರು ವಿಶ್ವವಿದ್ಯಾಲಯದ ಮೇಷ್ಟ್ರುಗಳು ಪ್ರಚಾರೋಪನ್ಯಾಸಕ್ಕೆಂದು ಹಳ್ಳಿಗಳಿಗೆ ಹೋದಾಗ ಕಿಸೆಯಲ್ಲಿ ಪಾರಿಭಾಷಿಕ ಕೋಶವಿತ್ತೇ? ಮಾತಾಡುತ್ತ ಪದ ಹುಟ್ಟಿತು. ಗೀತಾ ಬೆಳೆದ ಊರಿನ ಪರಂಪರೆಯೇ ಅದು. ಇಲ್ಲಿ ತಮಿಳರು 1954ರಿಂದ 1968ರವರೆಗೆ ಹತ್ತು ಸಂಪುಟಗಳ ವಿಶ್ವಕೋಶ ತಂದರು, ಪೆರಿಯಸಾಮಿ ತೂರನ್ ಅದರ ಮುಖ್ಯ ಸಂಪಾದಕರು. ಪರಿಭಾಷೆಗೆ ಅವರ ಹೆಸರು ಕಲೈಚ್ಚೊಲ್, ಕಲೆಯ ಸೊಲ್ಲು. ನನಗೆ ಆ ಹೆಸರಿನ ಮೇಲೆ ಸ್ವಲ್ಪ ಹೊಟ್ಟೆಕಿಚ್ಚಿದೆ.

ನಮ್ಮ ಪಠ್ಯಪುಸ್ತಕದ ಪದಗಳ ಮೇಲೂ ನನ್ನ ದೂರಿದೆ. ಅಲ್ಲಿ ಮ್ಯಾಕ್ರೊ ಸಮಗ್ರ ಅರ್ಥಶಾಸ್ತ್ರವಾಗಿದೆ, ಇರಲಿ, ಚೆನ್ನಾಗಿದೆ. ಆದರೆ ಬೇಗ ಬದಲಾಗದ ಬೆಲೆಗೆ ಅನಮ್ಯ ಬೆಲೆ ಎನ್ನುವುದು ಯಾವ ಸಂತೆಯ ಕನ್ನಡ? ಬೆಲೆ ಕಚ್ಚಿಕೊಂಡು ಕೂತಿದೆ ಎಂದು ಜನ ಹೇಳುವುದನ್ನು ಸಮಿತಿಯವರು ಕೇಳಿಸಿಕೊಂಡಿಲ್ಲ. ಗೀತಾ ಅವರ ಬಹುಪಾಲು ಕೆಲಸದಲ್ಲಿ ಬರುವ ಒಂದು ಪದ ಪಾಸ್-ಥ್ರೂ. ವಿನಿಮಯ ದರ ಏರಿಳಿದಾಗ ಅದರಲ್ಲಿ ಎಷ್ಟು ಪಾಲು ಅಂಗಡಿಯ ಬೆಲೆಗೆ ಬಂದು ಮುಟ್ಟುತ್ತದೆ ಎಂಬುದು ಅರ್ಥ. ನಾಲ್ಕು ದಿನ ಒದ್ದಾಡಿದೆ. ಸಂಕ್ರಮಣ, ವರ್ಗಾವಣೆ, ಅಂತರ್ಗಮನ ಎಂದೆಲ್ಲ ಬರೆದು ಹೊಡೆದುಹಾಕಿದೆ. ಐದನೇ ದಿನ ಬಸ್ಸಿನಲ್ಲಿ ಕನ್ನಡ ಪತ್ರಿಕೆಯ ತಲೆಬರಹ ಕಣ್ಣಿಗೆ ಬಿತ್ತು, ಗ್ರಾಹಕರಿಗೆ ತಟ್ಟಿದ ದರ ಏರಿಕೆ ಬಿಸಿ. ನೂರು ಸಲ ಓದಿದ್ದೇನೆ ಅದನ್ನು. ಬಿಸಿ ತಟ್ಟುವುದು! ಡಾಲರಿನ ಬಿಸಿ ಎಷ್ಟು ತಟ್ಟುತ್ತದೆ, ಎಷ್ಟು ಬೇಗ ತಟ್ಟುತ್ತದೆ, ಯಾರಿಗೆ ತಟ್ಟುತ್ತದೆ. ಇಡೀ ಪ್ರಬಂಧ ಸರಾಗವಾಯಿತು. ಪದ ಇತ್ತು, ಅದನ್ನು ಕೆಲಸಕ್ಕೆ ಕರೆದವರಿರಲಿಲ್ಲ.

ಬೇಕಾದವರು ಇಂಗ್ಲಿಷಿನಲ್ಲಿ ಓದಿಕೊಳ್ಳುತ್ತಾರೆ ಎನ್ನುವ ವಾದ ಇದಕ್ಕಿಂತ ಗಟ್ಟಿ. ಅದಕ್ಕೂ ಗೀತಾ ಹತ್ತಿರವೇ ಹೋಗುತ್ತೇನೆ. ಜೆರೆಮಿ ಸ್ಟೈನ್ ಜೊತೆ 2021ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಡಾಲರಿನ ಗದ್ದುಗೆ ಗಟ್ಟಿಯಾಗಿರುವುದು ಹೇಗೆಂದು ತೋರಿಸುತ್ತಾರೆ. ಬಿಲ್ಲುಗಳು ಡಾಲರಿನಲ್ಲಿವೆ, ಆದ್ದರಿಂದ ಜನ ಡಾಲರಿನಲ್ಲೇ ಉಳಿತಾಯ ಇಡಬಯಸುತ್ತಾರೆ, ಆದ್ದರಿಂದ ಡಾಲರ್ ಸಾಲ ಅಗ್ಗವಾಗುತ್ತದೆ, ಅಗ್ಗದ ಸಾಲ ತೀರಿಸಲು ಡಾಲರ್ ಬೇಕಾದ್ದರಿಂದ ವ್ಯಾಪಾರಿ ಮತ್ತೆ ಡಾಲರಿನಲ್ಲೇ ಬಿಲ್ಲು ಬರೆಯುತ್ತಾನೆ. ಸುತ್ತಿ ಸುತ್ತಿ ಅಲ್ಲಿಗೇ. ಕನ್ನಡದಲ್ಲಿ ಓದುವವರಿಲ್ಲ, ಆದ್ದರಿಂದ ಬರೆಯುವವರಿಲ್ಲ, ಆದ್ದರಿಂದ ಓದುವವರು ಇಂಗ್ಲಿಷಿಗೆ ಹೋಗುತ್ತಾರೆ. ಹೋಲಿಕೆಯನ್ನು ಜಾಸ್ತಿ ಎಳೆಯಬಾರದು, ಒಂದು ಕಡೆ ಹರಿಯುತ್ತದೆ. ನಾಳೆಯಿಂದ ರೂಪಾಯಿಯಲ್ಲಿ ಬಿಲ್ಲು ಕಳಿಸಿದರೆ ನನಗೆ ಕೆಲಸ ಹೋಗುತ್ತದೆ. ನಾಳೆ ಒಂದು ಕನ್ನಡ ಪತ್ರಿಕೆ ಗೀತಾ ಅವರ ಒಂದು ಪ್ರಬಂಧದ ಸಾರವನ್ನು ನಾಲ್ಕು ಪುಟ ಹಾಕಿದರೆ ಯಾರ ಕೆಲಸವೂ ಹೋಗುವುದಿಲ್ಲ.

ಕೇಳಿ ನೋಡಿಯೂ ಆಯಿತು. ಹೋದ ವರ್ಷ ಒಬ್ಬ ಸಂಪಾದಕರಿಗೆ ಬರೆದೆ: ನೋಟು ರದ್ದತಿ ಪ್ರಬಂಧ, ಪ್ರಬಲ ಕರೆನ್ಸಿ ಪ್ರಬಂಧ, ಎರಡನ್ನೂ ಓದುಗರಿಗೆ ತಿಳಿಯುವಂತೆ ಬರೆದುಕೊಡುತ್ತೇನೆ, ಸಂಭಾವನೆ ನೀವು ಕೊಟ್ಟಷ್ಟು. ಸಜ್ಜನರು, ಮರುದಿನವೇ ಫೋನ್ ಮಾಡಿದರು. "ತುಂಬಾ ಒಳ್ಳೇದು. ಆದರೆ ಅದು ಭಾರ ಆಗುತ್ತೆ. ಅವರ ಮೈಸೂರಿನ ಬಾಲ್ಯ, ಶಾಲೆ, ಆಟ, ಈ ಥರ ಒಂದು ಸಾವಿರ ಪದ ಬರೆದುಕೊಡಿ, ಫೋಟೋ ನಾವು ಹಾಕಿಕೊಳ್ತೀವಿ." ಯಾವ ಫೋಟೋ ಎಂದು ನಾನು ಕೇಳಲಿಲ್ಲ.

ಆದ್ದರಿಂದ ಪ್ರಬಲ ಕರೆನ್ಸಿ ಪ್ರಬಂಧದ ಸಾರವನ್ನು ಹನ್ನೊಂದು ಪುಟ ನಾನೇ ಬರೆದು ಮೊದಲು ಸೋದರಮಾವನಿಗೆ ಕಳಿಸಿದೆ. ಅವರಿಗೆ ಮೇಲ್ ಓದುವ ಅಭ್ಯಾಸವಿಲ್ಲ, ವಾಟ್ಸಾಪಿನಲ್ಲಿ ಪಿಡಿಎಫ್ ಹೋಯಿತು. ಎರಡು ದಿನ ಸದ್ದಿಲ್ಲ. ಮೂರನೇ ದಿನ ಬೆಳಿಗ್ಗೆ, ಲಂಡನ್ ದರ ನೋಡುವ ಹೊತ್ತಿಗೆ, ಒಂದು ವಾಯ್ಸ್ ಮೆಸೇಜು. ಹಿಂದೆ ತೋಟದ ಪಂಪ್‌ಸೆಟ್ಟಿನ ಸದ್ದು. "ಕಾಫಿ ವಿಷಯ ಸರಿಯಾಗಿ ಹೇಳಿದಾರೆ ಮಾರಾಯ, ನಮಗೆ ಗೊತ್ತಿದ್ದದ್ದೇ, ಆದರೆ ಹೀಗೆ ಅಂತ ಗೊತ್ತಿರಲಿಲ್ಲ. ಒಂದು ಕೇಳು. ಪೊಟ್ಯಾಷ್ ಪೂರಾ ಹೊರಗಿಂದಲೇ ಬರೋದಲ್ವಾ, ಅದರ ಬಿಲ್ಲೂ ಡಾಲರಲ್ಲೇ ಇರಬೇಕು. ಡಾಲರ್ ಏರಿದಾಗ ಗೊಬ್ಬರದ ರೇಟು ಆ ವಾರವೇ ಏರುತ್ತೆ. ಡಾಲರ್ ಇಳಿದಾಗ ಯಾಕೆ ಇಳಿಯಲ್ಲ? ಅದರ ಬಗ್ಗೆ ಈಯಮ್ಮ ಏನಾದ್ರೂ ಬರೆದಿದಾರಾ?"

ಬೆಲೆಗಳು ಎಷ್ಟು ಬಾರಿ ಬದಲಾಗುತ್ತವೆ, ಅದಕ್ಕೂ ಬಿಸಿ ತಟ್ಟುವುದಕ್ಕೂ ಏನು ನಂಟು ಎಂಬುದರ ಮೇಲೆ ಒಲೆಗ್ ಇಟ್ಸ್‌ಕೋಕಿ ಜೊತೆ ಅವರು 2010ರಲ್ಲಿ ಪ್ರಕಟಿಸಿದ ಪ್ರಬಂಧವೊಂದಿದೆ. ನಾಳೆ ಕೊಟ್ಟೂರುಪುರಂಗೆ ಹೋಗಿ ಅದನ್ನು ಓದಬೇಕು.